ಹುಳದ ಮನೆಯಲ್ಲಿ ಹೊಸ ವಾಚು

ಸ್ನೇಹಿತರೇ, ಹೊಸ ಸ್ಪೋರ್ಟ್ಸ್ ವಾಚ್ ಹೇಗಿದೆ ಅಂತ ಕೇಳಿದ್ದಿರಿ. ಬೆಲೆ ಕಡಿಮೆ, ಸಾವನದುರ್ಗದ ಬಂಡೆಗೆ ಬಡಿದರೂ ಗೀರು ಬಿದ್ದಿಲ್ಲ. ಸೆಕೆ ಎಷ್ಟಿದೆ ಅಂತಲೂ ತೋರಿಸುತ್ತದೆ.

ಇವತ್ತು ಮಧ್ಯಾಹ್ನ ರೇಷ್ಮೆ ಹುಳದ ಮನೆಯಲ್ಲಿ ನೋಡಿದರೆ ಮೂವತ್ತನಾಲ್ಕು ಡಿಗ್ರಿ! ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾದ ಹುಳ, ಈ ಸೆಕೆಗೆ ಉಳಿಯುವುದಿಲ್ಲ. ಓಡಾಡಿ ಕಿಟಕಿಗಳಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದೆ. ಮತ್ತೆ ನೋಡಿದೆ, ಮೂವತ್ತೈದು! ಅವ್ವನನ್ನು ಕೂಗಿದೆ.

ಅವ್ವ ಗೋಡೆಯ ಹಳೇ ಥರ್ಮಾಮೀಟರ್ ನೋಡಿದಳು. "ಇಪ್ಪತ್ತಾರೇ ಐತಲ್ಲೋ. ಅದುನ್ನ ಒಸಿ ಕೈಯಿಂದ ಬಿಚ್ಚಿ ಮಡಗು."

ಬಿಚ್ಚಿಟ್ಟೆ. ಹತ್ತು ನಿಮಿಷದಲ್ಲಿ ಅದೂ ಇಪ್ಪತ್ತಾರಕ್ಕೆ ಇಳಿಯಿತು. ಇಷ್ಟೊತ್ತು ಅಳೆದದ್ದು ನನ್ನ ಮೈಶಾಖವನ್ನು!

"ಹುಳ ಚೆಂದಾಗಿ ಮೇಯ್ತಾವೆ. ಬಿಸಿ ಏರಿರೋದು ನಿಂಗೆ ಕಣ್ಲಾ," ಅಂದಳು.

ವಾಚ್ ಚೆನ್ನಾಗಿದೆ, ಧಾರಾಳವಾಗಿ ಕೊಳ್ಳಿ. ಕೈಗೆ ಮಾತ್ರ ಕಟ್ಟಿಕೊಳ್ಳಬೇಡಿ.