ಕುಡಿಯದೇ ತೂರಾಡುವ ಖಾಸಿಂ ಸಾಬ

ಎತ್ತಿನ ವ್ಯಾಪಾರದಲ್ಲಿ ನನಗೆ ಮೋಸ ಮಾಡಿದವರು ಇಬ್ಬರೇ. ಒಬ್ಬ ಸತ್ತಿದ್ದಾನೆ. ಇನ್ನೊಬ್ಬ ಮೋಸ ಮಾಡಿಯೇ ಇರಲಿಲ್ಲ ಎಂಬುದು ಕಳೆದ ತಿಂಗಳು ತಿಳಿಯಿತು.

ಆ ಎರಡನೆಯವನು ಯಲ್ಲಾಪುರದ ಖಾಸಿಂ ಸಾಬ. (ಹೆಸರು ಹಾಕಲೇ ಎಂದು ಅವನನ್ನೇ ಕೇಳಿದ್ದೇನೆ. ಕುಡುಕ ಅನ್ನುವಾಗ ಯಾರೂ ಕೇಳಿರಲಿಲ್ಲ, ಧಾರಾಳವಾಗಿ ಹಾಕಿ ಎಂದ.) ಗಾಡಿ ಹೊಡೆಯುತ್ತ ಎತ್ತಿನ ವ್ಯಾಪಾರಕ್ಕೆ ಇಳಿದವನು, ನನ್ನ ಹಾಗೆಯೇ ಬರಿಗೈಯಲ್ಲಿ ಶುರು ಮಾಡಿದವನು.

ನಮ್ಮ ಕಡೆ ಎತ್ತಿನ ದರ ಬಾಯಲ್ಲಿ ಆಡುವುದಿಲ್ಲ, ನಿಮಗೆ ಗೊತ್ತು. ಕೊಡುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟುವಾಲು. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಎಷ್ಟು ಬೆರಳು ಹಿಡಿದರೋ ಆ ಲೆಕ್ಕದ ಮೇಲೆ ದರ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮುಖ ಮಾತ್ರ ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು. (ಹೊಸಬರಿಗೆ ಇದು ನನ್ನ ಪುಕ್ಕಟೆ ಸಲಹೆ.)

೧೯೩೪ರ ಮಳೆ ಹಿಡಿಯುವ ಮುಂಚಿನ ಒಂದು ಸಂತೆಯಲ್ಲಿ, ಅವನ ಎತ್ತು ಕೊಳ್ಳಲೆಂದು ಖಾಸಿಂನ ಕೈ ಹಿಡಿದೆ. ಅವನು ಮೂರು ಬೆರಳು ಹಿಡಿದ. ಒಪ್ಪೋಣ ಎನ್ನುವಷ್ಟರಲ್ಲಿ ನಾಲ್ಕಾಯಿತು. ಬೇಡ ಎಂದು ತಲೆ ಅಲ್ಲಾಡಿಸಿದೆ, ಎರಡಕ್ಕೆ ಇಳಿಯಿತು. ಮರುಗಳಿಗೆ ಐದು. ಬಿಗಿ, ಸಡಿಲ, ಬಿಗಿ, ಸಡಿಲ. ಇದೇನು, ನನ್ನ ಹತ್ತಿರ ಆಟವೇ? ಕೈ ಕಿತ್ತುಕೊಂಡೆ. ಅವನು ಏನೋ ಹೇಳಲು ಬಾಯಿ ತೆರೆದ, ಮಾತು ತೊದಲಿತು. ತಿರುಗಿ ನಡೆದ. ಒಂದು ಕಾಲು ಅತ್ತ, ಒಂದು ಕಾಲು ಇತ್ತ.

"ಸಾಬರು ಮುಂಜಾನೆನೇ ಏರಿಸ್ಯಾರ" ಎಂದೆ. ಸುತ್ತಲಿದ್ದವರೆಲ್ಲ ನಕ್ಕರು.

ಸಂತೆಯಲ್ಲಿ ನನ್ನ ಮಾತಿಗೆ ಬೆಲೆಯಿದೆ. ತೊಂದರೆಯಾದದ್ದೇ ಅದರಿಂದ. ಮುಂದಿನ ಸಂತೆಯ ಹೊತ್ತಿಗೆ ಖಾಸಿಂನ ಕೈ ಮೇಲೆ ಟುವಾಲು ಹಾಕುವವರೇ ಇಲ್ಲ. ಆಮೇಲೆ ಅವನ ಗಾಡಿಗೆ ಮಾಲು ಹೇರುವವರೂ ಇಲ್ಲವಾದರು. ಘಟ್ಟದ ರಸ್ತೆಗೆ ಕುಡುಕನ ಗಾಡಿ ಯಾರಿಗೆ ಬೇಕು? ಹುಟ್ಟಿದಂದಿನಿಂದ ಹೆಂಡ ಮುಟ್ಟದವನು ಎರಡು ತಿಂಗಳಲ್ಲಿ ಮೂರು ತಾಲೂಕಿಗೆ ಕುಡುಕನಾದ. ನಾನೋ, ಹೇಳಿದ್ದನ್ನೇ ಮರೆತಿದ್ದೆ.

ದೀಪಾವಳಿ ಕಳೆದ ಮೇಲೆ ಮಂಡಿನೋವಿಗೆಂದು ಶಿರಸಿಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಮುಂಬಯಿಯಲ್ಲಿ ಕಲಿತವರು, ಈಗಲೂ ವಿಲಾಯತಿಯ ವೈದ್ಯ ಪತ್ರಿಕೆಗಳನ್ನು ಅಂಚೆಯಲ್ಲಿ ತರಿಸಿ ಓದುವವರು. ಅವರು ಮಂಡಿ ಒತ್ತಿ ನೋಡುತ್ತಿದ್ದಾಗ ಸುಮ್ಮನೆ ಕೂರಲಾರದೆ ಖಾಸಿಂನ ಕಥೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಅವನ ಅಪ್ಪ ಹ್ಯಾಗೆ ತೀರಿಕೊಂಡ?" ಎಂದರು.

ಅದು ನನಗೆ ಗೊತ್ತಿತ್ತು. ಅಪ್ಪನನ್ನು ಜನ 'ಕುಣಿಯೋ ಹುಸೇನ' ಎನ್ನುತ್ತಿದ್ದರು. ಕೂತಲ್ಲಿ ಕೈ, ನಿಂತಲ್ಲಿ ಕಾಲು ಕುಣಿಸುತ್ತ, ಕೊನೆಗೆ ಎಲುಬಿನ ಗೂಡಾಗಿ ಸತ್ತ. ಅವನದೂ ಕುಡಿತವೆಂದೇ ನಾವು ತೀರ್ಮಾನಿಸಿದ್ದೆವು. ಡಾಕ್ಟರು ನನ್ನ ಮಂಡಿಯನ್ನು ಅಲ್ಲಿಗೇ ಬಿಟ್ಟು, ನಾಳೆಯೇ ಯಲ್ಲಾಪುರಕ್ಕೆ ಹೋಗೋಣ ಎಂದರು. (ಮಂಡಿ ಇನ್ನೂ ನೋಯುತ್ತಿದೆ.)

ಮೋಟಾರಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ಹಂಟಿಂಗ್ಟನ್ ಕೊರಿಯಾ ಎಂದು ಆ ರೋಗಕ್ಕೆ ಹೆಸರಂತೆ. ಮಿದುಳಿನೊಳಗೆ ಒಂದು ಭಾಗ ಸವೆಯುತ್ತ ಹೋಗುತ್ತದೆ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರು. ಬೆರಳು ಕುಣಿಯುತ್ತದೆ, ಕಾಲು ತಪ್ಪುತ್ತದೆ, ಮಾತು ತೊದಲುತ್ತದೆ, ಸಿಟ್ಟು ಹೆಚ್ಚುತ್ತದೆ, ಬರಬರುತ್ತ ಬುದ್ಧಿಯೂ ಮಂಕಾಗುತ್ತದೆ. ಅಮೆರಿಕದಲ್ಲಿ ಸಂಶೋಧಕರು ಒಂದೊಂದೇ ಮನೆತನ ಹಿಡಿದು ಅಜ್ಜ ಮುತ್ತಜ್ಜರ ತನಕ ಹುಡುಕುತ್ತಿದ್ದಾರಂತೆ. ಕಂಡದ್ದೇನು? ಅಪ್ಪನಿಗೋ ಅಮ್ಮನಿಗೋ ಈ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಬರುವುದು ಅರ್ಧ, ಬಾರದಿರುವುದು ಅರ್ಧ. ತಪ್ಪಿಸಿಕೊಂಡವನ ಮಕ್ಕಳಿಗೆ ಭಯವಿಲ್ಲ. ಆದರೆ ಯಾರು ತಪ್ಪಿಸಿಕೊಂಡರೆಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಔಷಧ? ಅದೂ ಇಲ್ಲ.

ಜರ್ಮನಿಯಲ್ಲಿ ಇಂಥವರಿಗೆ ಮಕ್ಕಳೇ ಆಗದಂತೆ ಮಾಡಲು ಸರಕಾರ ಕಾಯಿದೆ ತಂದಿದೆಯಂತೆ. ಮುಂದೆ ಹುಟ್ಟುವವರನ್ನು ತಡೆಯುವುದಕ್ಕೆ ಅಷ್ಟು ಅವಸರ. ಈಗಾಗಲೇ ಹುಟ್ಟಿ ನರಳುತ್ತಿರುವವನಿಗೆ ಅನ್ನ ಉಣಿಸುವವರು ಯಾರೆಂದು ಆ ಕಾಯಿದೆಯಲ್ಲಿ ಬರೆದಿದೆಯೇ ಎಂದು ಕೇಳಿದೆ.

ಯಲ್ಲಾಪುರದಲ್ಲಿ ಖಾಸಿಂನ ಮನೆ ಮುಂದೆ ಲಾರಿ ನಿಂತಿತ್ತು. ಅದನ್ನು ಓಡಿಸುವವನು ಅವನ ಒಡಹುಟ್ಟಿದ ತಮ್ಮ ದಸ್ತಗೀರ. ಲಾರಿಯಲ್ಲಿ ಒಂದು ಚಾಪೆ, ಒಂದು ಬಟ್ಟೆಗಂಟು. ಅಣ್ಣನನ್ನು ದೂರದ ಹುಚ್ಚಾಸ್ಪತ್ರೆಗೆ ಸೇರಿಸಿ ಬರಲು ಹೊರಟಿದ್ದ. ಖಾಸಿಂನ ಹೆಂಡತಿ ಹಾಜಿರಾಬಿ ಬಾಗಿಲಿಗೆ ಅಡ್ಡ ಕೂತಿದ್ದಳು. ಮಕ್ಕಳಿಲ್ಲದ ಮನೆ, ಇರುವುದು ಇವರಿಬ್ಬರೇ. ಇನ್ನು ಒಂದು ತಾಸು ತಡವಾಗಿದ್ದರೆ ನಮಗೆ ಸಿಗುತ್ತಿದ್ದದ್ದು ಖಾಲಿ ಬಾಗಿಲು.

ಡಾಕ್ಟರು ಮೊದಲು ರೋಗಿಯನ್ನು ನೋಡುತ್ತೇನೆ ಎಂದರು. ನಾಲಿಗೆ ಚಾಚಿ ಹಾಗೇ ಇಟ್ಟುಕೋ ಎಂದರೆ ಖಾಸಿಂನಿಗೆ ಆಗಲಿಲ್ಲ, ಸರಕ್ಕನೆ ಒಳಗೆ ಹೋಯಿತು. ಡಾಕ್ಟರು ತಮ್ಮವೇ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿ ಎಂದರು. ಆಮೇಲೆ ನನಗೂ ಕೈ ಕೊಡಲು ಹೇಳಿದರು. ಕೊಟ್ಟೆ. ಬಿಗಿ, ಸಡಿಲ, ಬಿಗಿ, ಸಡಿಲ. ಆಕಳ ಕೆಚ್ಚಲು ಹಿಂಡಿದ ಹಾಗೆ. ಈ ರೋಗದ ಗುರುತುಗಳಲ್ಲಿ ಅದೂ ಒಂದಂತೆ. ಅವತ್ತು ಟುವಾಲಿನಡಿ ನನ್ನ ಕೈಗೆ ಸಿಕ್ಕಿದ್ದು ರೋಗ. ನಾನು ಅದಕ್ಕೆ ದರ ಕಟ್ಟಿದ್ದೆ.

"ಸಾವಕಾರ್ರ, ನಾ ಅವತ್ತ ಮೂರಂತನ ಹಿಡಿದಿದ್ದೆ" ಎಂದ ಖಾಸಿಂ.

ಅಷ್ಟು ಹೇಳಲು ಅವನಿಗೆ ಒಂದು ಎಲೆಯಡಿಕೆಯ ಕವಳ ಹಾಕುವಷ್ಟು ಹೊತ್ತು ಬೇಕಾಯಿತು. ನಾನು ಅಷ್ಟೂ ಹೊತ್ತು ಕಾದೆ. ಸಂತೆಯಲ್ಲಿ ಕಾದಿದ್ದರೆ?

ಔಷಧ ಇಲ್ಲವೆಂದು ಹಾಜಿರಾಬಿಗೆ ಹೇಳಲು ಡಾಕ್ಟರು ಸಂಕೋಚಪಟ್ಟರು. ಅವಳು ಅದನ್ನು ಕೇಳಲೇ ಇಲ್ಲ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಅಷ್ಟು ಹೇಳಿ ಎಂದಳು. ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ, ದಪ್ಪ ಗಂಜಿ ಸಲೀಸಾಗಿ ಇಳಿಯುತ್ತದೆ, ಅದಕ್ಕೇ ಎಲ್ಲವನ್ನೂ ದಪ್ಪ ಮಾಡಿಯೇ ಕೊಡುತ್ತಾಳೆ. ಎಷ್ಟು ತಿಂದರೂ ಸೊರಗುತ್ತಾನೆ, ಅದಕ್ಕೇ ದಿನಕ್ಕೆ ಆರು ಸಲ, ಮೇಲೆ ತುಪ್ಪ. ಉಣ್ಣುವಾಗ ಯಾರೂ ಅವನನ್ನು ಮಾತಾಡಿಸಕೂಡದು. ಮಂಚದ ಕಾಲು ಕುಯ್ಯಿಸಿ ಗಿಡ್ಡ ಮಾಡಿಸಿದ್ದಾಳೆ. ತಲೆ ಬಡಿಯುವಲ್ಲಿ ಬಾಗಿಲ ಚೌಕಟ್ಟಿಗೆ ಗೋಣಿ ಸುತ್ತಿದ್ದಾಳೆ. ಅವನು ರೇಗಿದರೆ ಎದುರಾಡುವುದಿಲ್ಲ, ಹಿತ್ತಲಿಗೆ ಹೋಗಿ ಪಾತ್ರೆ ತೊಳೆದು ಬರುತ್ತಾಳೆ. ಏನು ಬೇಕು ಎಂದು ಕೇಳಿದರೆ ಅವನಿಗೆ ಮಾತು ಸಿಗುವುದಿಲ್ಲ. ಗಂಜಿ ಬೇಕೋ ಎಂದು ಕೇಳಿದರೆ ಹೂಂ ಎನ್ನುತ್ತಾನೆ.

ಡಾಕ್ಟರು ಜೇಬಿನಿಂದ ನೋಟುಬುಕ್ಕು ತೆಗೆದರು. ಅವಳಿಗೆ ಚೀಟಿ ಬರೆದುಕೊಡುತ್ತಾರೆಂದು ನಾನು ತಿಳಿದೆ. ಅವರು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು.

ಉಳಿದದ್ದು ಲಾರಿ ಹತ್ತಿ ಕೂತಿದ್ದ ದಸ್ತಗೀರ. ಚೌಕಾಸಿ ನನ್ನ ಕಸಬು, ಅದನ್ನು ನನಗೇ ಬಿಡಿ ಎಂದೆ. ಕುಡುಕನ ಮನೆಯೆಂದು ಜಮಾತಿನವರು ಆಡಿಕೊಳ್ಳುತ್ತಾರೆ ಎಂದ. ಸಂತೆಯ ನಡುವೆ ನಿಂತು ನನ್ನ ಮಾತು ಸುಳ್ಳೆಂದು ನಾನೇ ಹೇಳುತ್ತೇನೆ ಎಂದೆ. ಅತ್ತಿಗೆಗೆ ಎತ್ತಿ ಕೂರಿಸುವ ಶಕ್ತಿ ಇಲ್ಲ ಎಂದ. ದಿನಕ್ಕೆರಡು ಸಲ ಬಂದು ಹೋಗಲು ಒಬ್ಬ ಗಟ್ಟಿ ಆಳನ್ನು ಗೊತ್ತು ಮಾಡುತ್ತೇನೆ ಎಂದೆ. ಒಂದೊಂದೇ ನೆಪ ಬಿದ್ದಿತು. ಅವನು ಮಾತ್ರ ಅಲುಗಲಿಲ್ಲ. ಇಂಥ ಗಿರಾಕಿಯನ್ನು ನಾನು ಬಲ್ಲೆ. ಬಾಯಲ್ಲಿ ಹೇಳುವ ಕಾರಣ ಒಂದು, ಒಳಗಿನದು ಬೇರೆ. ಆ ಒಳಗಿನದನ್ನು ಹೊರಗೆ ತೆಗೆಸಿದರೆ ವ್ಯಾಪಾರ ಅರ್ಧ ಮುಗಿದ ಹಾಗೆ.

ತೆಗೆಸಿದೆ. ತೆಗೆಸಬಾರದಿತ್ತೇನೋ.

"ಅಪ್ಪನ್ನ ನೋಡೀನಿ. ಈಗ ಅಣ್ಣನ್ನ ನೋಡಾಕತ್ತೀನಿ" ಎಂದ ದಸ್ತಗೀರ. "ದಿನಾ ಎದ್ದ ಕೂಡ್ಲೆ ಮದಲ ನನ್ನ ಬೆರಳು ನೋಡ್ಕೊಂತೀನ್ರಿ. ಇವ ಕಣ್ಮುಂದ ಇದ್ದರ ನಾ ಹ್ಯಾಂಗ ಬದುಕ್ಲಿ?"

ಅವನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಸದ್ಯಕ್ಕೆ ಅಲ್ಲಾಡುತ್ತಿರಲಿಲ್ಲ. ಅರ್ಧಕ್ಕರ್ಧ ಎಂಬ ಮಾತು ಮೋಟಾರಿನಲ್ಲಿ ಕೂತು ಕೇಳಲು ಎಷ್ಟು ಸಲೀಸು. ಆ ಮನುಷ್ಯನ ಮುಂದೆ ಅದನ್ನು ಹೇಗೆ ಆಡುವುದು? ನನ್ನ ಚೌಕಾಸಿ ಅಲ್ಲಿಗೆ ನಿಂತಿತು.

ಹಾಜಿರಾಬಿ ಬಾಗಿಲಿನಿಂದ ಎದ್ದು ಲಾರಿಯ ಹತ್ತಿರ ಬಂದಳು. ಮೈದುನನನ್ನು ಬೈಯುತ್ತಾಳೆಂದುಕೊಂಡೆ.

"ನಿನಗ ಬಂತಂದ್ರ ನಾ ಅದೀನಲ್ಲೋ" ಎಂದಳು. "ಇವರನ್ನ ನೋಡ್ಕೊಂತ ನೋಡ್ಕೊಂತ ಎಲ್ಲಾ ಕಲ್ತೀನಿ."

ದಸ್ತಗೀರ ಲಾರಿಯಿಂದ ಇಳಿದು, ಚಾಪೆ, ಬಟ್ಟೆಗಂಟು ಎರಡನ್ನೂ ತಾನೇ ಹೊತ್ತು ಒಳಗಿಟ್ಟ.

ನಾನು ಸಂತೆಯಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿದೆ. ಒಂದು ಮಾತು ಹರಡಲು ಒಂದೇ ಸಂತೆ ಸಾಕಾಗಿತ್ತು. ಅದನ್ನು ಹಿಂದೆ ತರಲು ಮೂರು ಸಂತೆ ಕಳೆದರೂ ಸಾಧ್ಯವಾಗಿಲ್ಲ, ಅದಕ್ಕೇ ಈ ಪತ್ರಿಕೆಯಲ್ಲೂ ಬರೆದಿದ್ದೇನೆ. ನಮ್ಮ ಸಂತೆಗೆ ಬರುವ ಕಾನಸೂರಿನವರು, ಉಮ್ಮಚಗಿಯವರು ಓದಿ ನಾಲ್ಕು ಜನಕ್ಕೆ ಹೇಳಿ. ನಿಮ್ಮ ಊರಿನಲ್ಲೂ ಒಬ್ಬ 'ಕುಣಿಯೋ' ಅನ್ನಿಸಿಕೊಂಡವನು ಇದ್ದರೆ, ತೀರ್ಪು ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಗಂಜಿ ದಪ್ಪವಿರಲಿ. ಅವನ ಉತ್ತರಕ್ಕೆ ಕಾಯಿರಿ.

ಔಷಧ ಎಂದಾದರೂ ಬಂದೀತು. ಅಲ್ಲಿಯ ತನಕ, 'ನಾ ಅದೀನಲ್ಲೋ' ಎಂದು ಹಾಜಿರಾಬಿ ಹೇಳಿದ ಆ ಮಾತನ್ನು ನಿಮಗೆ ಹೇಳುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?