ತುರುಬಿನಲ್ಲಿ ಪೆನ್ಸಿಲ್

ಐರಿನ್ ಟೀಚರ ತುರುಬಿನಲ್ಲಿ ಹೂವಿನ ಬದಲು ಯಾವಾಗಲೂ ಒಂದು ಪೆನ್ಸಿಲ್ ಇರುತ್ತಿತ್ತು. ಜೆಪ್ಪುವಿನ ನಮ್ಮ ಶಾಲೆಯಲ್ಲಿ ಎರಡನೇ ತರಗತಿಯ ರಿಪೋರ್ಟ್ ಕಾರ್ಡುಗಳನ್ನು ಅವರು ಬರೆಯುತ್ತಿದ್ದುದು ಅದರಲ್ಲೇ. ಪೆನ್ನು ಹೊರಗೆ ಬರುವುದು ಕಾರ್ಡು ಕೊಡುವ ದಿನ ಬೆಳಿಗ್ಗೆ ಮಾತ್ರ. "ಮಗು ನಿನ್ನೆ ಸಂಜೆ ಕಲಿತಿರಬಹುದು ಮಾರಾಯ," ಎನ್ನುತ್ತಿದ್ದರು.

ಅದೇ ತರಗತಿಯ ಪಕ್ಕದ ವಿಭಾಗಕ್ಕೆ ನಾನು ಹೊಸ ಮಾಸ್ಟ್ರು. ಆ ವರ್ಷವೇ ಶಾಲೆಯವರು ಅಂಕ, ರ‍್ಯಾಂಕು ಬಿಟ್ಟು, ಒಂದೊಂದು ಕೌಶಲಕ್ಕೂ ಒಂದು ಹಂತ ಬರೆಯುವ ಕ್ರಮ ತಂದಿದ್ದರು. ಒಂದು ಎಂದರೆ ಇನ್ನೂ ಶುರು, ಎರಡು ಎಂದರೆ ಸಹಾಯ ಬೇಕು, ಮೂರು ಎಂದರೆ ಮಗು ತಾನೇ ಮಾಡುತ್ತದೆ. ಅಷ್ಟೇ. ಅಷ್ಟು ಸರಳವಾದದ್ದೂ ಅರ್ಥವಾಗದಷ್ಟು ನಾನು ಓದಿಕೊಂಡಿದ್ದೆ. ವರ್ಷದ ಹಂತಗಳನ್ನೆಲ್ಲ ಕೂಡಿಸಿ, ಭಾಗಿಸಿ, ನೀಲಿ ಪೆನ್ನಿನಲ್ಲಿ ಕಾರ್ಡು ತುಂಬಿಸಿದೆ. ಉಳ್ಳಾಲದಿಂದ ನಂತೂರಿನವರೆಗೆ ನನ್ನಷ್ಟು ಚುರುಕಿನ ಮಾಸ್ಟ್ರಿಲ್ಲ ಎಂದುಕೊಂಡು ಹೋಟೆಲಿನಲ್ಲಿ ಬನ್ಸ್ ತಿಂದೆ.

ಕಾರ್ಡು ಕೊಟ್ಟ ದಿನ ನನ್ನ ಕ್ಲಾಸಿನ ದೀಕ್ಷಾಳ ಅಪ್ಪ, ಸಿಟಿ ಬಸ್ಸಿನ ಕಂಡಕ್ಟರ್, ಹೆಗಲ ಚೀಲದೊಂದಿಗೇ ಮಗಳನ್ನು ಕರೆದುಕೊಂಡು ಬಂದರು.

"ಸರ್, ಕಳೆಯುವ ಲೆಕ್ಕದಲ್ಲಿ 'ಸಹಾಯ ಬೇಕು' ಅಂತ ಉಂಟು. ಮೇಲಿನ ಕ್ಲಾಸಿಗೆ ಹೋಗಿ ಕಷ್ಟಪಡುವುದು ಬೇಡ. ಇನ್ನೊಂದು ವರ್ಷ ಇಲ್ಲೇ ಕೂರಲಿ."

ಬಾಗಿಲಾಚೆ ಕಾಯುತ್ತಿದ್ದ ಗೆಳತಿಯರನ್ನು ನೋಡಿ ದೀಕ್ಷಾ ತಲೆ ತಗ್ಗಿಸಿದಳು. ನಾನು ಕ್ಯಾಲ್ಕುಲೇಟರ್ ತೋರಿಸಿದೆ. "ಜೂನಿನಲ್ಲಿ ಒಂದು, ಈಗ ಮೂರು. ಸರಾಸರಿ ಎರಡು."

ಬಾಗಿಲಲ್ಲಿ ಐರಿನ್ ಟೀಚರ್ ನಿಂತಿದ್ದರು.

"ಎಂತ ಮಾರಾಯ, ಜೂನಿನಲ್ಲಿ ಸೈಕಲಿನಿಂದ ಬಿದ್ದವಳು ಈಗ ಸರಿ ಓಡಿಸ್ತಾಳೆ. ನೀನು ಅರ್ಧ ಬೀಳ್ತಾಳೆ ಅಂತ ಬರೀತೀಯಾ?"

ದೀಕ್ಷಾಳ ಕೈಗೆ ಚಾಕ್ ಕೊಟ್ಟರು. ಐವತ್ತೆರಡರಲ್ಲಿ ಹದಿನೇಳು ಕಳೆಯಬೇಕು. ಅವಳು ಐದನ್ನು ಹೊಡೆದು ನಾಲ್ಕು ಮಾಡಿ, ಮೂವತ್ತೈದು ಬರೆದು, ಅಪ್ಪನ ಮುಖ ನೋಡಿದಳು.

"ಯಾರು ಹೇಳಿಕೊಟ್ಟದ್ದು?" ಅಪ್ಪ ಕೇಳಿದರು.

"ಸರ್."

"ಕಲಿಸ್ಲಿಕ್ಕೆ ಬರ್ತದೆ ಇವನಿಗೆ," ಎಂದರು ಟೀಚರ್. "ಕಾರ್ಡು ಬರೀಲಿಕ್ಕೆ ಮಾತ್ರ ಬರುವುದಿಲ್ಲ."

"ಹಾಗಾದ್ರೆ ಮೇಲಿನ ಕ್ಲಾಸಿಗೆ ಹೋಗಲಿ," ಎಂದರು ಅಪ್ಪ. ದೀಕ್ಷಾ ಅಷ್ಟರಲ್ಲಿ ಬಾಗಿಲು ದಾಟಿದ್ದಳು. ನಾನು ಇಡೀ ಕ್ಲಾಸಿನ ಕಾರ್ಡುಗಳನ್ನು ಮತ್ತೆ ಬರೆದೆ.

ಮರುವರ್ಷ ಟೀಚರ್ ನಿವೃತ್ತರಾಗಿ ಮಸ್ಕತ್ತಿನ ಮಗಳ ಮನೆಗೆ ಹೊರಟರು. ಬೀಳ್ಕೊಡುಗೆಯ ದಿನ ಕೇಳಿದೆ, "ಟೀಚರ್, ಕಾರ್ಡು ಬರೆಯುವುದರಲ್ಲಿ ನನಗೀಗ ಮೂರು ಕೊಡಬಹುದಾ?"

ಅವರು ತುರುಬಿನಿಂದ ಪೆನ್ಸಿಲ್ ತೆಗೆದು ಕೇಕಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಎಂದು ಬರೆದರು. "ಕ್ರಿಸ್ಮಸ್ಸಿಗೆ ಬರ್ತೇನೆ. ಆಗ ನೋಡುವ."

ಕ್ರಿಸ್ಮಸ್ಸಿಗೆ ಮೊದಲೇ ಅವರು ಮಸ್ಕತ್ತಿನಲ್ಲೇ ತೀರಿಕೊಂಡರು. ಮುಚ್ಚಳ ನನ್ನ ಬಳಿ ಇದೆ. ಎರಡು ಇನ್ನೂ ಪೆನ್ಸಿಲಿನಲ್ಲೇ ಇದೆ.