ಬಾಯಿ ಜಾರಿದ್ದಲ್ಲ

ಶೈಲಜಾಳ ಕೆಲಸ ಹೋಗಲು ಕಾರಣ ನಾನು. ನಾನು ಬಾಯಿ ಜಾರಿ ಆಡಿದ ಒಂದು ಮಾತಿನಿಂದ ಹಾಗಾಯಿತು ಎಂದು ಅವಳು ನಂಬಿದ್ದಳು. ನಮ್ಮ ಆಫೀಸಿನವರೂ ಹಾಗೆಯೇ ನಂಬಿದ್ದಾರೆ. ಬಾಯಿ ಜಾರಿದ್ದು ನಿಜ — ಒಂದು ಸಲ. ಆದರೆ ಅದಾದ ಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗಂಟಲು ಸರಿಮಾಡಿಕೊಂಡು, ಯೋಚಿಸಿ ಹೇಳಿದ ಮಾತು ಇನ್ನೊಂದಿದೆ. ಅದನ್ನು ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೆ.

ಶುರುವಾದದ್ದು ಫುಟ್‌ಬಾಲಿನಿಂದ. ನಾವು ಕಂಡ ಕಾಲ್ಚೆಂಡಲ್ಲ. ಅಮೆರಿಕದವರದು — ಹೆಲ್ಮೆಟ್ ಹಾಕಿಕೊಂಡ ಧಾಂಡಿಗರು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರಲ್ಲಿ ಚೆಂಡೆಸೆದು ಆಟ ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ದುಬೈಯಲ್ಲಿ ಕೂತ ಕನ್ನಡಿಗರಿಗೂ ಅವನಿಗೂ ಎಲ್ಲಿಯ ನಂಟು? ನಂಟು ಇಷ್ಟೇ: ನಮ್ಮ ಬಾಸ್ ರಾಜಗೋಪಾಲ್, ಬೆಂಗಳೂರಿನವರು, ಬಹಳ ವರ್ಷ ಅಮೆರಿಕದಲ್ಲಿದ್ದು ಇಲ್ಲಿಗೆ ಬಂದವರು, ಆ ಆಟದ ಭಕ್ತರು. ದೊರೆಯೇ ಭಕ್ತನಾದ ಮೇಲೆ ನಾವೆಲ್ಲ ಜಾಗಟೆ ಬಾರಿಸುವವರು.

ಎಂಥ ಭಕ್ತಿ ಅದು! ಹಾಸನದ ನವೀನ — ಜೀವಮಾನದಲ್ಲಿ ಒಂದು ಚೆಂಡು ಹಿಡಿದವನಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು — ಬಾಸ್ ಮೆಚ್ಚಿದ ತಂಡದ ಜರ್ಸಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಬಂದು, “ಏನ್ ಥ್ರೋ ಸಾರ್ ಅದು!” ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ನಿದ್ದೆಗೆಟ್ಟು ಪಂದ್ಯ ನೋಡಿದೆವೆಂದು ಸುಳ್ಳು ಹೇಳುತ್ತಿದ್ದ ಗಂಡಸರು, ಮೆಟ್ರೋದಲ್ಲಿ ಬರುತ್ತಾ ಮೊಬೈಲಿನಲ್ಲಿ ನಾಲ್ಕು ತುಣುಕು ನೋಡಿಕೊಂಡು ವಾದಕ್ಕಿಳಿಯುತ್ತಿದ್ದರು. ಅವರನ್ನು ಕಂಡರೆ ನನಗೆ ಹೇಸಿಗೆ. ಹೇಸಿಗೆ ಪಡುವ ಯೋಗ್ಯತೆ ನನಗಿತ್ತೇ? ಅವರು ತುಣುಕು ನೋಡುತ್ತಿದ್ದರು. ನಾನು ಮೈಸೂರಿನಲ್ಲಿ ರ‍್ಯಾಂಕಿಗೆ ಓದಿದ ಹಾಗೆ ಆಟದ ನಿಯಮಗಳನ್ನೇ ಉರು ಹೊಡೆದಿದ್ದೆ.

ಶೈಲಜಾ ಉಡುಪಿಯವಳು. ನಮ್ಮ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರುತ್ತದೆ. ಮಾರುವ ತಂಡ ಅವಳದು, ಮಾರಿದ್ದನ್ನು ನಡೆಸಿಕೊಡುವ ತಂಡ ನನ್ನದು. ಅಬುಧಾಬಿಯ ನಮ್ಮ ಅತಿ ದೊಡ್ಡ ಗಿರಾಕಿಯನ್ನು ತಂದವಳು ಅವಳೇ. ಇಬ್ಬರ ಮನೆಯೂ ಅಲ್ ಕುಸೈಸ್‌ನಲ್ಲಿ, ಅಕ್ಕಪಕ್ಕದ ಬಿಲ್ಡಿಂಗ್. ಒಂದೇ ಕಾರಿನಲ್ಲಿ ಆಫೀಸಿಗೆ. ಅವಳಿಗೆ ಈ ಆಟ ಗೊತ್ತಿರಲಿಲ್ಲ, ಗೊತ್ತಿದ್ದ ಹಾಗೆ ನಟಿಸುತ್ತಲೂ ಇರಲಿಲ್ಲ. “ಸರ್, ಇವರು ಆಡುದಕ್ಕಿಂತ ನಿಲ್ಲುದೇ ಜಾಸ್ತಿ ಅಲ್ವಾ?” ಎಂದು ಬಾಸ್‌ನ ಮುಖಕ್ಕೇ ಕೇಳಿಬಿಡುವಳು. ಅವರು ಹೊಟ್ಟೆ ಹಿಡಿದುಕೊಂಡು ನಗುವರು. ನಾನು ಉರು ಹೊಡೆದದ್ದನ್ನೆಲ್ಲ ಒಪ್ಪಿಸಿದರೂ ಆ ಮನುಷ್ಯನ ಮುಖ ಒಮ್ಮೆಯೂ ಅರಳಿದ್ದಿಲ್ಲ. ಇದು ನನ್ನನ್ನು — ಹೇಗೆ ಹೇಳಲಿ — ಚಪ್ಪಲಿಯೊಳಗಿನ ಕಲ್ಲಿನ ಹಾಗೆ...

ಒಂದು ದಿನ ಅವಳು ನನ್ನನ್ನು ಕಿವಿ ಡಾಕ್ಟರ ಬಳಿಗೆ ಜೊತೆಗೆ ಕರೆದುಕೊಂಡು ಹೋದಳು. ಅವಳ ಎಡಗಿವಿ ಬಹುಪಾಲು ಹೋಗಿದೆ, ಮೆಷಿನ್ ಹಾಕಬಹುದು ಎಂದರು ಡಾಕ್ಟರ್. ಬಲಗಿವಿ ಚೆನ್ನಾಗಿದೆ, ವರ್ಷಕ್ಕೊಮ್ಮೆ ತೋರಿಸುತ್ತಿರಿ, ಅಷ್ಟೇ ಎಂದರು. ಅಷ್ಟೇ. ನಾನೂ ಅಲ್ಲೇ ಕೂತಿದ್ದೆ, ನನ್ನ ಎರಡೂ ಕಿವಿ ಚೆನ್ನಾಗಿದ್ದವು.

ಕಾರಿನಲ್ಲಿ ಅವಳು ಹೇಳಿದಳು: “ಯಾರಿಗೂ ಹೇಳ್ಬೇಡ ಮಾರಾಯ್ತಿ. ನಮ್ಮವರಿಗೂ ಹೇಳ್ಲಿಲ್ಲ ನಾನು. ಈಗ ಕಾಂಟ್ರ್ಯಾಕ್ಟ್ ಒಂದು ಆಗ್ಲಿ, ಮತ್ತೆ ಮೆಷಿನ್ ಹಾಕಿಸಿಕೊಳ್ತೇನೆ.”

ಅವಳ ಗಂಡ ದಿನೇಶರ ಕಂಪನಿ ಆಗಷ್ಟೇ ಮುಚ್ಚಿತ್ತು. ಅವರೂ ಮಗಳು ಅನಘಳೂ ಇಲ್ಲಿ ಉಳಿದದ್ದು ಶೈಲಜಾಳ ವೀಸಾದ ಮೇಲೆ. ಅವಳ ಕಾಂಟ್ರ್ಯಾಕ್ಟ್ ನವೀಕರಣಕ್ಕೆ ಬಂದಿತ್ತು. ಈ ಸಲ ಇಡೀ ಗಲ್ಫ್‌ಗೆ ಮುಖ್ಯಸ್ಥೆಯನ್ನಾಗಿ ಮಾಡುತ್ತಾರೆಂಬ ಮಾತಿತ್ತು.

ಆ ಮಾರ್ಚಿನ ಒಂದು ಶನಿವಾರ ಬಾಸ್ ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದರು. ಹುಲ್ಲುಹಾಸಿನ ಮೇಲೆ ಕುರ್ಚಿಗಳು, ಅವರ ಹೆಂಡತಿ ಮಾಡಿದ ಬಿಸಿಬೇಳೆ ಬಾತ್, ಮತ್ತು ಅದೇ ಪುರಾಣ. ಅಮೆರಿಕದಲ್ಲಿ ಆಗ ಪಂದ್ಯಗಳೇ ಇರಲಿಲ್ಲ. ಆಟವಿಲ್ಲದ ಕಾಲದಲ್ಲಿ ಭಕ್ತರು ಆಟಗಾರರ ಸಂಬಳ ಜಗಿಯುತ್ತಾರೆ. ಬಾಸ್‌ನ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಭುಜದ ಆಪರೇಷನ್ ಆಗಿತ್ತು. ಒಪ್ಪಂದ ಮುಗಿದಿತ್ತು. ಹೊಸದಕ್ಕೆ ಅವನು ದೊಡ್ಡ ಮೊತ್ತ ಕೇಳಿದ್ದ. ಕೊಡಬೇಕೋ ಬೇಡವೋ?

“ಹಿಂದೆ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳೋಣ. ಆದ್ರೆ ಮುಂದಿನ ವರ್ಷಗಳಿಗೆ ದುಡ್ಡು ಕೊಡೋರು ನಾವಲ್ವಾ?” ಎಂದರು ಬಾಸ್.

ನಾವು! ಆ ತಂಡದ ಮಾಲೀಕನಿಗೆ ರಾಜಗೋಪಾಲ್ ಎಂಬೊಬ್ಬರು ಭೂಮಿಯ ಮೇಲಿರುವುದೂ ಗೊತ್ತಿಲ್ಲ. ಆದರೂ ಎಲ್ಲರೂ ತಮ್ಮ ಜೇಬಿನಿಂದ ಕೊಡುವವರಂತೆ ಹುಬ್ಬು ಗಂಟಿಕ್ಕಿ ಕೂತರು.

“ಕರೆಕ್ಟ್ ಸಾರ್,” ಎಂದ ನವೀನ, “ಭುಜ ಹೋದ್ಮೇಲೆ ಅವನು ಖಲಾಸ್.”

ನಾನು ಅವನ ಕಳೆದ ವರ್ಷಗಳ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಆಪರೇಷನ್ ಆದ ಮೇಲೆ ಇಂಥವರ ಎಸೆತ ಹೇಗೆ ಕುಸಿಯುತ್ತದೆ ಎಂದು ವಿವರಿಸಿದೆ. ಬಾಸ್ ತಲೆಯಾಡಿಸುತ್ತಿದ್ದರು — ಮೊದಲ ಸಲ, ನನ್ನ ಮಾತಿಗೆ. ಆಗ ಶೈಲಜಾ ತಟ್ಟೆ ಕೆಳಗಿಟ್ಟಳು.

“ಇಷ್ಟು ವರ್ಷ ಗೆದ್ದದ್ದು ಅವನಿಂದ ತಾನೇ? ಒಂದು ಭುಜ ನೋವಾದ ಕೂಡ್ಲೇ ಬಿಸಾಡುದಾ? ಅವನಿಗೆ ಕೊಡ್ಬೇಕು ಸರ್.”

ಬಾಸ್, “ಹ್ಮ್... ಅದೂ ಒಂದು ಪಾಯಿಂಟೇ,” ಎಂದರು. ತಕ್ಷಣ ನವೀನ, “ಒಂದ್ ರೀತೀಲಿ ನಿಜಾನೇ ಸಾರ್,” ಎಂದು ಮಗುಚಿಕೊಂಡ. ದೋಸೆ ಕೂಡ ಅಷ್ಟು ಬೇಗ ಮಗುಚುವುದಿಲ್ಲ. ಎಲ್ಲರೂ ಅತ್ತ ವಾಲಿದರು. ನಾನೊಬ್ಬಳು ನನ್ನ ಲೆಕ್ಕಗಳನ್ನು ಹಿಡಿದುಕೊಂಡು...

“ನಿನಗೆ ಅವನ ಮೇಲೆ ಯಾಕಿಷ್ಟು ಕನಿಕರ ಅಂತ ನಂಗೊತ್ತು ಕಣೇ,” ಎಂದೆ. ಎಲ್ಲರಿಗೂ ಕೇಳುವ ಹಾಗೆ. “ಒಂದು ಕಿವಿ ಕೇಳಿಸದೇನೇ ನೀನೂ ಕಾಂಟ್ರ್ಯಾಕ್ಟಿಗೆ ಕಾಯ್ತಿಲ್ವಾ?”

ಅವಳು ನಕ್ಕಳು. “ಹಾಗೆಂತ ಇಲ್ಲ, ಸ್ವಲ್ಪ ಕಮ್ಮಿ ಕೇಳ್ತದೆ ಅಷ್ಟೇ,” ಎಂದು ಮತ್ತೆ ತಟ್ಟೆ ಎತ್ತಿಕೊಂಡಳು. ಆದರೆ ತಿನ್ನಲಿಲ್ಲ.

ಹಿಂತಿರುಗುವಾಗ ಕಾರಿನಲ್ಲಿ ನಾನು ಅತ್ತೆ. ಬಾಯಿ ಜಾರಿತು, ತಪ್ಪಾಯ್ತು ಎಂದೆ. ಆ ಅಳು ನಿಜವಾದದ್ದೇ. “ಬಿಡು ಪೂರ್ಣಿಮಾ, ಬಾಯಿ ಎಲ್ಲರದ್ದೂ ಜಾರ್ತದೆ. ಸರ್ ನಾಳೆ ಮರ್ತುಬಿಡ್ತಾರೆ,” ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಸೋಮವಾರ ಬಾಸ್ ಕರೆದರು. ಬಾಗಿಲು ಮುಚ್ಚಿ ಎಂದರು, ಕೂತುಕೊಳ್ಳಿ ಎಂದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕೂರಲು ಹೇಳಿದ್ದು ಅದೇ ಮೊದಲು.

“ಶನಿವಾರ ನೀವು ಶೈಲಜಾ ಬಗ್ಗೆ ಹೇಳಿದ್ರಲ್ಲ. ತಮಾಷೆಗಾ?”

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು ನನಗೆ. ಹೌದು ಸಾರ್, ತಮಾಷೆಗೆ — ಇಷ್ಟು ಹೇಳಿದ್ದರೆ ಸಾಕಿತ್ತು. ಆ ಮನುಷ್ಯ ಪ್ರಶ್ನೆಯಲ್ಲೇ ಉತ್ತರವನ್ನೂ ಇಟ್ಟುಕೊಟ್ಟಿದ್ದರು. ಮೇಜಿನ ಮೇಲಿದ್ದ ನೀರು ಕುಡಿದೆ. ಯೋಚಿಸಿದೆ — ಯೋಚಿಸಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

“ಇಲ್ಲ ಸಾರ್, ನಿಜ. ಡಾಕ್ಟರ್ ಹತ್ರ ನಾನೇ ಜೊತೆಗೆ ಹೋಗಿದ್ದೆ. ಬಲಗಿವೀನೂ ಹೋಗುತ್ತಂತೆ.”

ಡಾಕ್ಟರ್ ಹಾಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಂತ ಸೃಷ್ಟಿ.

“ಥ್ಯಾಂಕ್ಸ್ ಪೂರ್ಣಿಮಾ. ನೀವು ಪ್ರೊಫೆಷನಲ್,” ಎಂದರು ಅವರು. ನಾನು ಆ ಕೋಣೆಯಿಂದ ಹಿಗ್ಗುತ್ತಾ ಹೊರಬಂದೆ. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ — ಹಿಗ್ಗುತ್ತಾ.

ಶೈಲಜಾಳ ಕಾಂಟ್ರ್ಯಾಕ್ಟ್ ನವೀಕರಣ ಆಗಲಿಲ್ಲ. ಕಾಗದದಲ್ಲಿ ಕಿವಿಯ ಮಾತೇ ಇರಲಿಲ್ಲ. ವಿಭಾಗಗಳ ಪುನರ್ರಚನೆ ಎಂದಿತ್ತು. ಆ ಹುದ್ದೆ ನನಗಾದರೂ ಬಂತೇ? ಅದೂ ಇಲ್ಲ. ಬಂದಿದ್ದರೆ ಕಳ್ಳಿಗೆ ಕದ್ದ ಮಾಲಾದರೂ ಇರುತ್ತಿತ್ತು. ಅಮೆರಿಕದಿಂದ ಯಾರೋ ಬಂದು ಕೂತರು. ಒಂದು ಹೊಗಳಿಕೆಗಾಗಿ ನಾನು ಒಂದು ಮನೆ ಮುರಿದಿದ್ದೆ.

ಮನೆ ಮುರಿದದ್ದು ಮಾತಿಗೆ ಹೇಳುವುದಲ್ಲ. ಹತ್ತನೇ ತರಗತಿಯಲ್ಲಿದ್ದ ಅನಘಳನ್ನು ಇಲ್ಲಿನ ಶಾಲೆ ಬಿಡಿಸಿ ಉಡುಪಿಯಲ್ಲಿ ಚಿಕ್ಕಮ್ಮನ ಮನೆಗೆ ಕಳಿಸಿದರು. ದಿನೇಶ್ ಸಿಕ್ಕಿದ ಕೆಲಸ ಹಿಡಿದು ಅಬುಧಾಬಿಗೆ ಹೋಗಿ, ಆರೇಳು ಮಂದಿಯ ಕೋಣೆಯಲ್ಲಿ ಒಂದು ಬೆಡ್‌ಸ್ಪೇಸ್‌ನಲ್ಲಿ ಮಲಗಿದರು. ಶೈಲಜಾ ಇಲ್ಲೇ ಒಂದು ಸಣ್ಣ ರೂಮಿಗೆ ಬದಲಾಯಿಸಿಕೊಂಡು ಕೆಲಸ ಹುಡುಕಿದಳು. ಕಡೆಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಆಫೀಸಿನಲ್ಲಿ ಸಿಕ್ಕಿತು. ಅಲ್ಲಿ ಸಂದರ್ಶನದಲ್ಲಿ ತನ್ನ ಕಿವಿಯ ವಿಷಯ ತಾನೇ ಹೇಳಿದಳಂತೆ. ಅವರು ವಿಚಾರಿಸಲು ಫೋನ್ ಮಾಡಿದ್ದು ನನಗೆ; ನನ್ನ ಹೆಸರು ಕೊಟ್ಟವಳು ಅವಳೇ. ನಾನು ಬಾಯ್ತುಂಬ ಹೊಗಳಿದೆ. ಕೆಲಸ ಸಿಕ್ಕಿದ ವಾರ ಅವಳು ಪತ್ರೊಡೆ ಮಾಡಿಕೊಂಡು ಬಂದಳು, ನಾನು ತಿಂದೆ.

ಇನ್ನು ಆ ಕ್ವಾರ್ಟರ್‌ಬ್ಯಾಕ್. ಅವನಿಗೆ ತಂಡ ಕೇಳಿದಷ್ಟೂ ಕೊಟ್ಟಿತು. ನವೀನ ಕೇಕ್ ತಂದ. ಮುಂದಿನ ಋತುವಿನ ಆರಂಭದಲ್ಲೇ ಭುಜ ಮತ್ತೆ ಹೋಯಿತು. ಅವನು ಹೊರಗೆ ಕೂತು ಪೂರ್ತಿ ಸಂಬಳ ತೆಗೆದುಕೊಂಡ. “ನಾನು ಅವತ್ತೇ ಹೇಳಿದ್ದೆ,” ಎಂದರು ಎಲ್ಲರೂ, ಹೇಳದವರೂ. ಆಮೇಲೆ ರಾಜಗೋಪಾಲ್ ಸಿಂಗಪುರಕ್ಕೆ ವರ್ಗವಾಗಿ ಹೋದರು. ಹೊಸ ಬಾಸ್‌ಗೆ ಗಾಲ್ಫ್ ಹುಚ್ಚು. ನವೀನ ಈಗ ಗಾಲ್ಫ್ ಕಲಿಯುತ್ತಿದ್ದಾನೆ.

ಕಳೆದ ತಿಂಗಳು ಶೈಲಜಾ ಊಟಕ್ಕೆ ಕರೆದಳು. ಅನಘ ಓದು ಮುಗಿಸಿ ಕೆಲಸ ಹುಡುಕಲು ದುಬೈಗೆ ಬಂದಿದ್ದಳು — ತಾಯಿಗಿಂತ ಎತ್ತರ, ಎಚ್ಚರದ ಕಣ್ಣುಗಳು. ಊಟವಾಗಿ ಚಹಾ ಬಂತು. ಶೈಲಜಾ ಮಗಳ ಭುಜದ ಮೇಲೆ ಕೈಯಿಟ್ಟು ಹೇಳಿದಳು:

“ನಿನ್ನ ಆಫೀಸಲ್ಲೇ ಇವಳಿಗೊಂದು ನೋಡು ಪೂರ್ಣಿಮಾ. ಅನಘ, ಇಲ್ಲಿ ಎಂತ ಕಷ್ಟ ಬಂದ್ರೂ ಈ ಆಂಟಿ ಹತ್ರ ಹೇಳ್ಬೇಕು ನೀನು. ನನ್ನ ಕೈ ಬಿಡ್ಲಿಲ್ಲ ಇವಳು.”

ಅಲ್ಲಿಗೆ ನನ್ನಿಂದಾಗಲಿಲ್ಲ. ಆ ಹುಡುಗಿಯನ್ನೂ ನನ್ನ ಕೈಗೆ ಕೊಡುತ್ತಿದ್ದಾಳೆ... ಪಿಸುದನಿಯಲ್ಲೇ ಹೇಳಿಬಿಟ್ಟೆ. ಸೋಮವಾರ, ಕೋಣೆ, ಪ್ರಶ್ನೆ, ಉತ್ತರ. ಏನನ್ನೂ ಬಿಡದೆ.

“ಅಮ್ಮಾ, ವಾಟ್ ಈಸ್ ಶಿ ಸೇಯಿಂಗ್?” ಎಂದಳು ಅನಘ. ಶೈಲಜಾ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದಳು.

“ಬಲಗಿವಿಯೂ ಹೋಗ್ತದೆ ಅಂತ ಹೇಳಿದ್ದಾ?”

“ಹೂಂ.”

“ಡಾಕ್ಟರ್ ಹಾಗೆ ಹೇಳಿರ್ಲಿಲ್ಲ.”

“ಇಲ್ಲ.”

“ಮತ್ತೆ ಯಾಕೆ ಹೇಳಿದ್ದು?”

ಈ ಪ್ರಶ್ನೆಗೆ ನಾನು ವರ್ಷಗಟ್ಟಲೆ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅಸೂಯೆ ಎಂದು, ಒಂಟಿತನ ಎಂದು, ಗಂಡಸರ ನಡುವೆ ಹೆಣ್ಣಾಗಿ ದುಡಿಯುವ ಕಷ್ಟ ಎಂದು. ಅವಳೂ ಅದೇ ಗಂಡಸರ ನಡುವೆಯೇ ದುಡಿದವಳು.

“ಇವಳು ಊರಿಂದ ದಿನಾ ಫೋನಲ್ಲಿ ಅಳ್ತಿದ್ಲು,” ಎಂದಳು ಶೈಲಜಾ, ಧ್ವನಿ ಏರಿಸದೆ. “ಫೋನ್ ಇಟ್ಟು ನಾನು ನಿನ್ನ ಹತ್ರ ಬಂದು ಅಳ್ತಿದ್ದೆ. ನೀನು ಬೆನ್ನು ಸವರ್ತಿದ್ದೆ.”

ಅವಳ ಬಲಗಿವಿ ಇವತ್ತಿಗೂ ಚೆನ್ನಾಗಿದೆ. ನಾನು ಪಿಸುಮಾತಿನಲ್ಲಿ ಹೇಳಿದ್ದೂ ಅವಳಿಗೆ ಪೂರ್ತಿ ಕೇಳಿಸಿತ್ತು.

ಅವಳು ಎದ್ದು ನನ್ನ ಮುಂದಿದ್ದ ಚಹಾದ ಲೋಟವನ್ನು ಎತ್ತಿಕೊಂಡಳು. ನಾನಿನ್ನೂ ಅದನ್ನು ಮುಟ್ಟಿರಲಿಲ್ಲ. “ನೀನು ಹೋಗು ಪೂರ್ಣಿಮಾ. ನಾನು ಕರೆಯುವವರೆಗೆ ಬರ್ಬೇಡ. ಕರೆಯುದಿಲ್ಲ ಅಂತ ಕಾಣ್ತದೆ ನಾನು.”

ಬಾಗಿಲು ತೆರೆದವಳು ಅನಘ. ನನ್ನ ಮುಖ ನೋಡಲಿಲ್ಲ.

ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಅಲ್ಲಿ ಕೇಳಲಿಲ್ಲ. ಕೇಳಿದ್ದರೆ ಕೊಡುವುದೋ ಬಿಡುವುದೋ ಎಂಬ ಹೊರೆಯನ್ನೂ ಅವಳ ತಲೆಗೇ ಹೊರಿಸಿದ ಹಾಗಾಗುತ್ತಿತ್ತು. ಇನ್ನೂ ಅವಳ ಕರೆ ಬಂದಿಲ್ಲ. ಬಾರದಿರುವುದೇ ಸರಿ.